ಉಚ್ಚಮ್ಮ ನೋಡದೆ ಬಿಟ್ಟ ಹೊಲ

ಉಚ್ಚಮ್ಮ ತೀರಿಕೊಂಡು ಏಳು ತಿಂಗಳಾಯಿತು. ಅವಳು ಸಸ್ಯಶಾಸ್ತ್ರ ಕಲಿಸುತ್ತಿದ್ದ ವಿಶ್ವವಿದ್ಯಾಲಯದವರು ಅವಳ ನೆನಪಿಗೆ ಒಂದು ಪುಸ್ತಿಕೆ ತಂದಿದ್ದಾರೆ. ಅದರಲ್ಲಿ ಅವಳ ಫೋಟೋ ಇದೆ, ಪದವಿಗಳಿವೆ, ಬರೆದ ನಲವತ್ತೊಂದು ಪ್ರಬಂಧಗಳ ಪಟ್ಟಿ ಇದೆ. ಅವಳು ಬರೆದದ್ದು ನಲವತ್ತೆರಡು. ಮೊದಲನೆಯದನ್ನು ಬಿಟ್ಟಿದ್ದಾರೆ. ಹೋದವರ ತಪ್ಪನ್ನು ಎತ್ತುವುದು ಬೇಡ ಅನ್ನುವ ಒಳ್ಳೆಯ ಮನಸ್ಸಿನಿಂದಲೇ ಬಿಟ್ಟಿರಬೇಕು. ಆದರೆ ಆ ತಪ್ಪನ್ನು ತೆಗೆದುಬಿಟ್ಟರೆ ಉಳಿಯುವುದು ಯಾರ ಬದುಕೂ ಆಗಬಹುದು. ಅವಳದನ್ನು ಬರೆಯಬೇಕೆಂದು ಕುಳಿತಿದ್ದೇನೆ.

ನಾವು ಪರಿಚಯವಾದದ್ದು ಆದೋನಿಯ ಕಾಲೇಜಿನಲ್ಲಿ, ೧೯೯೦ರಲ್ಲಿ. ಹಾಜರಿ ಕರೆಯುವಾಗ ಇಡೀ ತರಗತಿ ನಗುತ್ತಿದ್ದ ಹೆಸರು ಎರಡು: ಅವಳದು, ನನ್ನದು. ಉಳಿದ ಹುಡುಗಿಯರಿಗೆಲ್ಲ ಹೊಸ ಕಾಲದ ಹೆಸರು. ಉಚ್ಚಮ್ಮ ಮತ್ತು ಅಕ್ಕನಾಗಮ್ಮ ಮಾತ್ರ ಅಜ್ಜಿಯರ ಹೆಸರು ಹೊತ್ತು ಬಂದವರು. ನಮ್ಮದು ಆದೋನಿಯಲ್ಲಿ ಹತ್ತಿ ವ್ಯಾಪಾರದ ಮನೆ. ಅವಳದು ಮದ್ದಿಕೇರದ ಹತ್ತಿರದ ಹಳ್ಳಿ, ಕುರಿ ಸಾಕುವ ಮನೆ. ಹುಡುಗರು ಅವಳನ್ನು ತೆಲುಗಿನಲ್ಲಿ ಕುರಿಗಳ ಹುಡುಗಿ, ಗೊರ್ರೆಲ ಅಮ್ಮಾಯಿ, ಎಂದು ಕೂಗುತ್ತಿದ್ದರು. ಒಂದು ದಿನ ಆಕೆ ತಿರುಗಿ ನಿಂತು, ಹೌದು, ಯಾವ ಕುರಿ ಯಾವ ಬೆಂಚಿನಲ್ಲಿ ಕೂತಿದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು ಎಂದು ತೆಲುಗಿನಲ್ಲೇ ಹೇಳಿದಳು. ಮರುದಿನದಿಂದ ನಾನು ಅವಳ ಪಕ್ಕ ಕೂತೆ.

ಒಂಬತ್ತು ವರ್ಷದವರೆಗೆ ಆಕೆ ಶಾಲೆಯ ಮುಖ ಕಂಡಿರಲಿಲ್ಲ. ಅಪ್ಪ ಪಕೀರಪ್ಪ, ಅವ್ವ ಜಯಕ್ಕ, ಮತ್ತು ಮಂದೆ. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆಯ ರೈತರು ಕುರುಬರನ್ನು ಕರೆದು ಹೊಲದಲ್ಲಿ ಮಂದೆ ತರುಬಿಸುತ್ತಾರೆ. ತಟ್ಟಿ ಕಟ್ಟಿ, ಅದರೊಳಗೆ ರಾತ್ರಿ ಕುರಿ ನಿಲ್ಲಿಸುತ್ತಾರೆ. ಹಿಕ್ಕೆ, ಗಂಜಲ ಹೊಲಕ್ಕೆ ಗೊಬ್ಬರವಾಗುತ್ತದೆ. ಮರುದಿನ ತಟ್ಟಿ ಕಿತ್ತು ಪಕ್ಕಕ್ಕೆ ನಡುವುದು, ಅದರ ಮರುದಿನ ಅದರ ಪಕ್ಕಕ್ಕೆ. ಹೀಗೆ ಇಡೀ ಹೊಲ ಮುಗಿಯುವವರೆಗೆ. ಕುರಿಯವರಿಗೆ ಜೋಳ ಸಿಗುತ್ತದೆ. ಉಚ್ಚಮ್ಮನ ಬಾಲ್ಯವೆಲ್ಲ ಆ ತಟ್ಟಿಗಳ ಪಕ್ಕದಲ್ಲೇ ಕಳೆಯಿತು.

ಒಂದು ವರ್ಷ ಪಂಚಾಕ್ಷರಯ್ಯ ಎಂಬ ಶಾಲೆ ಮೇಷ್ಟ್ರ ಆರೆಕರೆ ಹೊಲದಲ್ಲಿ ಮಂದೆ ನಿಂತಿತ್ತು. ಮೇಷ್ಟ್ರು ಬೆಳಿಗ್ಗೆ ಬಂದವರು ಹುಡುಗಿಯನ್ನು ಮಾತಾಡಿಸಲು, ಕುರಿ ಎಷ್ಟಿವೆ ಎಂದು ಕೇಳಿದರು. ಅದನ್ನು ಆಕೆ ನನಗೆ ಎಷ್ಟು ಸಲ ಹೇಳಿದ್ದಳೆಂದರೆ ನಾನೇ ಅಲ್ಲಿದ್ದ ಹಾಗೆ ಅನ್ನಿಸುತ್ತದೆ.

“ನಾವು ಎಣಸಂಗಿಲ್ರಿ,” ಅಂದಳಂತೆ.

“ಮತ್ತ ಒಂದು ಕಳದ್ರ ಹೆಂಗ ಗೊತ್ತಾಗತೈತಿ?”

“ಯಾವ್ದಿಲ್ಲ ಅಂತ ನೋಡಿದ್ರ ಗೊತ್ತಾಗತೈತ್ರಿ.”

ಮೇಷ್ಟ್ರು ನಗಲಿಲ್ಲ. ಮಂದೆ ಅಲ್ಲಿದ್ದ ಹನ್ನೆರಡು ದಿನವೂ ಬಂದು ಜಯಕ್ಕನ ಜೊತೆ ಮಾತಾಡಿದರು. ಜಯಕ್ಕ ಒಪ್ಪಿದರು. ಪಕೀರಪ್ಪನವರು, ಇದ್ದ ಒಬ್ಬ ಮಗಳನ್ನು ಹಾಸ್ಟೆಲ್ಲಿಗೆ ಹಾಕಿದರೆ ಮರಿ ನೋಡುವವರು ಯಾರು ಎಂದು ಎರಡು ದಿನ ಗೊಣಗಿ, ಮೂರನೇ ದಿನ ತಾವೇ ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ಬಿಟ್ಟುಬಂದರು. ಮನೆಮಾತು ಕನ್ನಡ, ಶಾಲೆ ತೆಲುಗು. ಮೊದಲ ವರ್ಷ ತರಗತಿಯಲ್ಲಿ ಏನೂ ತಿಳಿಯದೆ ಕಿಟಕಿಯಾಚೆ ಬೆಳೆದಿದ್ದ ಗಿಡ ನೋಡುತ್ತ ಕೂತಿದ್ದೆ, ಅದೇ ಮುಂದೆ ಉದ್ಯೋಗವಾಯಿತು ಎಂದು ಆಕೆ ನಗುತ್ತಿದ್ದಳು.

ಕಾಲೇಜಿನಲ್ಲಿ ಪ್ರಾಯೋಗಿಕ ತರಗತಿಗೆ ಗಿಡದ ಟೊಂಗೆ ಇಟ್ಟರೆ ನಾವೆಲ್ಲ ಪುಸ್ತಕ ತೆರೆದು ಎಸಳು ಎಣಿಸುತ್ತಿದ್ದೆವು. ಆಕೆ ಮೂಸಿ ನೋಡಿ, ಚೂರು ಕಚ್ಚಿ, ಬರೆಯಲು ಶುರುಮಾಡುತ್ತಿದ್ದಳು. ವಿಷವಿದ್ದರೆ ಏನು ಮಾಡುತ್ತೀ ಎಂದು ನಾನು ಗದರಿದರೆ, ಕುರಿ ತಿನ್ನುವುದನ್ನು ಮಾತ್ರ ಕಚ್ಚುತ್ತೇನೆ ಅನ್ನುತ್ತಿದ್ದಳು. ನಾನು ಡಿಗ್ರಿ ಮುಗಿಸಿ ಆದೋನಿಯಲ್ಲೇ ಕನ್ನಡ ಶಾಲೆಗೆ ಟೀಚರಾದೆ. ಆಕೆ ಎಂ.ಎಸ್ಸಿ.ಗೆ ಹೋದಳು, ಆಮೇಲೆ ಹುಲ್ಲುಗಳ ಮೇಲೆ ಪಿಎಚ್.ಡಿ. ಮಾಡಿದಳು. ಯಾರೋ ಹಿರಿಯರು ಪ್ರಬಂಧ ಅಚ್ಚಾಗುವ ಮೊದಲು ಹೆಸರು ಬದಲಾಯಿಸಿಕೋ ಎಂದು ಸಲಹೆ ಕೊಟ್ಟರಂತೆ. ಗಿಡಗಳಿಗೆ ಲ್ಯಾಟಿನ್ ಹೆಸರಿದ್ದರೆ ಸಾಕು, ನನಗೂ ಬೇಕೇ ಎಂದು ಕೇಳಿ ಬಂದಿದ್ದಳು.

ಆ ಮೊದಲ ಪ್ರಬಂಧದ ವಿಷಯ ಒಂದು ಹುಲ್ಲು. ತೆನೆ ಬಾಚಣಿಗೆಯ ಹಲ್ಲಿನ ಹಾಗಿರುತ್ತದೆ; ಪಕೀರಪ್ಪನವರು ಅದನ್ನು ಹಣಿಗಿ ಹುಲ್ಲು ಅನ್ನುತ್ತಿದ್ದರು. ಅದು ಪೂರ್ವಕ್ಕೆ ದೂರದ ನಲ್ಲಮಲ ಕಾಡಿನ ಇಳಿಜಾರುಗಳಲ್ಲಿ ಮಾತ್ರ ಸಿಗುವುದೆಂದು ಪುಸ್ತಕಗಳು ಹೇಳುತ್ತಿದ್ದವು. ಉಚ್ಚಮ್ಮನಿಗೆ ಅದು ಮದ್ದಿಕೇರದ ಸುತ್ತಿನ ಹೊಲದ ಬದುಗಳಲ್ಲಿ, ಬೀಳು ನೆಲದಲ್ಲಿ, ಹತ್ತೊಂಬತ್ತು ಕಡೆ ಸಿಕ್ಕಿತು. ಒಂದು ಕಾಲಕ್ಕೆ ಈ ಸೀಮೆಯೆಲ್ಲ ಆ ಹುಲ್ಲುಗಾವಲೇ ಆಗಿತ್ತು, ನೇಗಿಲು ಬಂದ ಮೇಲೆ ಅಳಿದು ಈ ಹತ್ತೊಂಬತ್ತು ತುಣುಕು ಮಾತ್ರ ಉಳಿದಿವೆ ಎಂದು ಆಕೆ ಬರೆದಳು. ಪ್ರಬಂಧ ಒಳ್ಳೆಯ ಪತ್ರಿಕೆಯಲ್ಲಿ ಬಂತು. ದೊಡ್ಡವರು ಪತ್ರ ಬರೆದರು. ತಾತ್ಕಾಲಿಕವಾಗಿ ಪಾಠ ಹೇಳುತ್ತಿದ್ದ ಕಡೆಯೇ ಖಾಯಂ ಕೆಲಸ ಖಾಲಿಯಾಗಿ, ಸಂದರ್ಶನಕ್ಕೆ ಕರೆಯೂ ಬಂತು. ಅರ್ಜಿ ಹಾಕಿದವರಲ್ಲಿ ಅಂಥ ಪ್ರಬಂಧವಿದ್ದದ್ದು ಅವಳೊಬ್ಬಳದೇ. ಕೆಲಸ ಅವಳಿಗೇ ಎಂದು ಎಲ್ಲರೂ ಹೇಳುತ್ತಿದ್ದರು. ಅದು ೨೦೦೪.

ಸಂದರ್ಶನಕ್ಕೆ ಇಪ್ಪತ್ತು ದಿನವಿರುವಾಗ ಊರಿಗೆ ಬಂದಳು. ನನಗೆ ಶಾಲೆ ರಜ, ನಾನೂ ಜೊತೆಗೆ ಹೋದೆ. ಬೆಳಿಗ್ಗೆ ಹತ್ತರ ಹೊತ್ತು. ಜಯಕ್ಕ ಕೊಟ್ಟ ಉಗ್ಗಾಣಿ ತಿನ್ನುತ್ತ ಕೂತಿದ್ದೆವು. ಪಕೀರಪ್ಪನವರು ಬಾಗಿಲಲ್ಲಿ ಉಣ್ಣೆ ನೂಲುತ್ತಿದ್ದರು. ಮಗಳು ಏನು ಬರೆದಿದ್ದಾಳೆ, ಯಾಕೆ ಎಲ್ಲರೂ ಅಷ್ಟು ಮಾತಾಡುತ್ತಿದ್ದಾರೆ ಎಂದು ಅವರಿಗೆ ತಿಳಿಯಬೇಕಿತ್ತು. ಆಕೆ ಪತ್ರಿಕೆ ಬಿಚ್ಚಿ, ಅದರೊಳಗಿನ ನಕ್ಷೆ ತೋರಿಸಿ, ಕನ್ನಡದಲ್ಲಿ ಒಂದೊಂದೇ ಚುಕ್ಕೆಯನ್ನು ವಿವರಿಸಿದಳು. ಇದು ಜಂಬಪ್ಪನ ಹೊಲ, ಇದು ಮೇಷ್ಟ್ರ ಹೊಲ, ಇದು ಹಳ್ಳದ ದಂಡೆಯದು.

ಅವರು ನಗಲು ಶುರುಮಾಡಿದರು. ಮಗಳು ಏನೋ ತಮಾಷೆ ಹೇಳುತ್ತಿದ್ದಾಳೆ ಅಂದುಕೊಂಡ ನಗು.

“ಇವೆಲ್ಲಾ ನಾವು ಕುರಿ ಮಂದಿ ತರುಬಿದ ಹೊಲ ಅಲ್ಲೇನವ್ವಾ?”

“ಹೌದಪ್ಪ.”

“ನರಸಣ್ಣನ ಹೊಲದಾಗ ನೋಡೀಯೇನು?”

“ಇಲ್ಲ.”

“ಯಾಕ?”

“ಅಲ್ಲಿಗೆ ನಾವು ಯಾವತ್ತೂ ಹೋಗಿಲ್ಲಲ್ಲಪ್ಪಾ.”

ಅಷ್ಟು ಹೇಳಿದವಳೇ ಆಕೆ ಮತ್ತೆ ನಕ್ಷೆಯ ಕಡೆ ಬಗ್ಗಿದಳು. ಪಕೀರಪ್ಪನವರು ನೂಲುತ್ತಲೇ ಇದ್ದರು. ನೀ ಹಾಸ್ಟೆಲ್ಲಿನಾಗ ಇದ್ದಿ ಆವಾಗ, ಅಂದರು. ಮೂರು ಬೇಸಿಗೆ ಮಂದೆಯನ್ನು ನಲ್ಲಮಲದವರೆಗೆ ಹೊಡೆದುಕೊಂಡು ಹೋಗಿದ್ದರಂತೆ. ಅಲ್ಲಿ ಹಣಿಗಿ ಹುಲ್ಲು ಕುರಿಗೆ ಬಲು ಸೇರುತ್ತಿತ್ತಂತೆ. ತಿರುಗಿ ಬಂದು ಮಂದೆ ನಿಲ್ಲಿಸಿದಲ್ಲೆಲ್ಲ ಮರುವರ್ಷ ಅದು ಎದ್ದಿತಂತೆ. ಅದರಲ್ಲಿ ಹೇಳುವಂಥದ್ದೇನಿದೆ ಎಂಬ ಹಾಗೆ ಹೇಳಿದರು.

ಹುಲ್ಲು ಹುಡುಕಲು ಹೊರಟಾಗ ಆಕೆ ಬೇರೆ ಯಾರಾದರೂ ಮಾಡುವ ಹಾಗೆ ನಕ್ಷೆಯಲ್ಲಿ ಗೆರೆ ಎಳೆದು ಜಾಗ ಆರಿಸಿರಲಿಲ್ಲ. ಅದು ಬೇಕೆಂದು ಅವಳಿಗೆ ಅನ್ನಿಸಿರಲಿಲ್ಲ. ಆ ನೆಲ ತನಗೆ ಗೊತ್ತು ಅನ್ನುವ ಭರವಸೆಯಿತ್ತು. ಕಾಲು ತಾನಾಗಿ ಹಳೆಯ ಹೊಲಗಳಿಗೇ ನಡೆದಿತ್ತು, ಅಂದರೆ ತಟ್ಟಿ ಕಟ್ಟಿದ ಹೊಲಗಳಿಗೆ. ಪಟ್ಟಣದಿಂದ ಬಂದ, ಕುರಿಯನ್ನೇ ಕಂಡಿರದ ಸಂಶೋಧಕನಾಗಿದ್ದರೆ ಈ ತಪ್ಪು ಆಗುತ್ತಿರಲಿಲ್ಲ.

ಮರುದಿನ ನರಸಣ್ಣನ ಹೊಲಕ್ಕೆ ಹೋದೆವು. ಕುರಿ ತುಳಿದರೆ ಎರೆ ನೆಲ ಗಟ್ಟಿಯಾಗುತ್ತದೆ ಎಂದು ಆತ ಎಂದೂ ಮಂದೆ ಬಿಟ್ಟುಕೊಂಡವನಲ್ಲ. ಅದರ ಜೊತೆಗೆ, ಮೂವತ್ತು ವರ್ಷದ ಹಿಂದೆ ಪಕೀರಪ್ಪನವರ ಒಂದು ಟಗರು ಅವನ ಹತ್ತಿ ಗಿಡ ಮೇದಿತ್ತು. ನಮ್ಮನ್ನು ಬದುವಿನ ಮೇಲೆ ಕಂಡು, “ಅಪ್ಪನ ಕುರಿ ಬಿಡ್ಲಿಲ್ಲ ಅಂತ ಈಗ ಮಗಳೇ ಮೇಯಾಕ ಬಂದಾಳೇನು?” ಅಂದ. ಹಾಗೆ ಅಂದವನೇ, ಬಿಸಿಲೇರಿದ ಮೇಲೆ ಕೊಡದಲ್ಲಿ ನೀರು ಕಳಿಸಿದ. ಉಚ್ಚಮ್ಮ ನಾಲ್ಕು ಬದು ಪೂರ್ತಿ ಮೊಣಕಾಲೂರಿ ನೋಡಿದಳು. ಹಣಿಗಿ ಹುಲ್ಲು ಒಂದೂ ಇರಲಿಲ್ಲ. ಮಂದೆ ಕಾಣದ ಇನ್ನೂ ಹನ್ನೊಂದು ಹೊಲಗಳನ್ನು ವಿಚಾರಿಸಿ ಆ ವಾರ ನೋಡಿದಳು. ಎಲ್ಲಿಯೂ ಇರಲಿಲ್ಲ. ಕೊನೆಗೆ ಮೇಷ್ಟ್ರ ಬೀಳು ಹೊಲಕ್ಕೆ ಹೋಗಿ ಹುಲ್ಲಿನ ತುಣುಕನ್ನು ಹೆಜ್ಜೆ ಹಾಕಿ ಅಳೆದಳು. ಇಪ್ಪತ್ತೆರಡು ಹೆಜ್ಜೆ ಉದ್ದ, ಇಪ್ಪತ್ತೆರಡು ಅಗಲ. ಅದಕ್ಕೆ ಅಂಟಿಕೊಂಡು ಇನ್ನೊಂದು ಅಷ್ಟೇ ಅಳತೆಯದು. ತಟ್ಟಿಯ ಅಳತೆ. ಹುಲ್ಲು ಹಿಂದಿನಿಂದ ಉಳಿದದ್ದಲ್ಲ, ಕುರಿ ತಂದದ್ದು. ಅಂಚು ಮಸುಕಾಗಿದ್ದರೂ ಒಮ್ಮೆ ಕಂಡ ಮೇಲೆ ಮತ್ತೆ ಕಾಣದೆ ಇರುತ್ತಿರಲಿಲ್ಲ.

ಬದುವಿನ ಮೇಲೆ ಕೂತು ಪ್ರಬಂಧ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಅಂದಳು. ನಾನು ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ, ಬರೆಯಲು ನಾಚಿಕೆಯಾಗುತ್ತದೆ. ಸಂದರ್ಶನ ಮುಗಿಯಲಿ, ಆಮೇಲೆ ಬರಿ, ಹದಿನೈದು ದಿನ ತಡೆದರೆ ಯಾರಿಗೆ ಏನು ನಷ್ಟ ಅಂದೆ.

“ಅಲ್ಲಿ ಕುಂತು ಅವ್ರು ಅದನ್ನ ಕೇಳ್ತಾರ, ನಾಗೀ. ನಾ ಏನಂತ ಹೇಳ್ಲಿ?”

ಆ ಸಂಜೆಯೇ ಪತ್ರಿಕೆಗೆ ಪತ್ರ ಬರೆದಳು. ಸಂದರ್ಶನದಲ್ಲಿ ಅವರು ಕೇಳುವ ಮೊದಲೇ ತಾನೇ ಹೇಳಿದಳಂತೆ: ಈ ಪ್ರಬಂಧವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ನನ್ನ ತಂದೆ ಅದರಲ್ಲಿ ತಪ್ಪು ತೋರಿಸಿದ್ದಾರೆ. ತಂದೆ ಯಾವ ವಿಭಾಗದವರು ಎಂದು ಒಬ್ಬರು ಕೇಳಿದರಂತೆ. ಅವರು ಗೌರವದಿಂದಲೇ ನಡೆಸಿಕೊಂಡರು ಎಂದು ಆಕೆ ಯಾವಾಗಲೂ ಹೇಳುತ್ತಿದ್ದಳು. ಆ ಪ್ರಬಂಧ ತೆಗೆದರೆ ಅವಳ ಅರ್ಜಿಯಲ್ಲಿ ಉಳಿದದ್ದು ಕಡಿಮೆಯೇ ಇತ್ತು. ಕೆಲಸ ಇನ್ನೊಬ್ಬರಿಗೆ ಹೋಯಿತು. ಮುಂದಿನ ಜೂನ್‌ಗೆ ತಾತ್ಕಾಲಿಕ ಕೆಲಸವೂ ಮುಗಿಯಿತು.

ಗುಂತಕಲ್ಲಿನಲ್ಲಿ ಒಂದು ಜೂನಿಯರ್ ಕಾಲೇಜಿಗೆ ಸೇರಿ ನಾಲ್ಕು ವರ್ಷ ಪ್ರವೇಶ ಪರೀಕ್ಷೆಗೆ ಓದುವ ಹುಡುಗರಿಗೆ ಪಾಠ ಹೇಳಿದಳು. ದಿನಕ್ಕೆ ಆರು ತಾಸು, ಒಂದೇ ಪಾಠ, ಮೂರು ತಂಡಕ್ಕೆ. ಭಾನುವಾರ ಊರಿಗೆ ಬಂದು ಹೊಲ ಸುತ್ತುತ್ತಿದ್ದಳು. ಹುಲ್ಲು ಕುರಿಯ ಜೊತೆ ಹೇಗೆ ಊರೂರು ದಾಟುತ್ತದೆ ಎಂದು ಈಗ ಬರೆಯಬೇಕು, ಅದಕ್ಕೆ ಯಾವ ವರ್ಷ ಮಂದೆ ಎಲ್ಲೆಲ್ಲಿ ನಿಂತಿತ್ತು ಎಂದು ತಿಳಿಯಬೇಕು. ಅದನ್ನು ಬಲ್ಲವರು ಅಪ್ಪ. ಆದರೆ ಅಪ್ಪ ಮಾತು ನಿಲ್ಲಿಸಿದ್ದರು.

ಎಲ್ಲ ಮಾತನ್ನಲ್ಲ. ಊಟ ಆಯಿತೇ, ಬಸ್ಸು ಸಿಕ್ಕಿತೇ ಎಂದು ಕೇಳುತ್ತಿದ್ದರು. ಗಿಡ, ಹುಲ್ಲು, ಮಂದೆ ಎಂದು ಆಕೆ ಶುರುಮಾಡಿದರೆ, “ನನಗೇನು ಗೊತ್ತವ್ವಾ, ನಾ ಕುರಿ ಕಾಯಾಂವ” ಎಂದು ಎದ್ದು ಹೋಗುತ್ತಿದ್ದರು. ನಾನಿರುವಾಗಲೇ ಒಮ್ಮೆ ಹಾಗಾಯಿತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಜಯಕ್ಕ ಮೆಲ್ಲಗೆ ನನಗೆ ಹೇಳಿದರು: “ನನ್ನ ಬಾಯೇ ನನ್ನ ಮಗಳ ಕೆಲಸ ತಿಂತು ಅಂತಾನ, ನಾಗಮ್ಮಾ. ಆಕಿ ಮುಂದ ಇನ್ನ ಬಾಯಿ ತೆಗಿಯಂಗಿಲ್ಲಂತ.” ನಾನು ಅದನ್ನು ಉಚ್ಚಮ್ಮನಿಗೆ ಹೇಳಿದೆ. ಕೆಲಸ ಹೋದ ದಿನ ಅಳದವಳು ಅಂದು ಗುಂತಕಲ್ಲಿನ ಬಸ್ಸಿನಲ್ಲಿ ಅತ್ತಳು. ಅಪ್ಪನಿಗೆ ಸಮಾಧಾನ ಹೇಳಲು ನೋಡಿದಳು. ನೀನು ಹೇಳಿದ್ದು ಒಳ್ಳೆಯದಾಯಿತು ಅಂದಷ್ಟೂ ಅವರು ಇನ್ನಷ್ಟು ಮುದುರಿಕೊಂಡರು. ಮಗಳು ತನ್ನ ಮನಸ್ಸು ನೋಯಬಾರದೆಂದು ಹೇಳುತ್ತಿದ್ದಾಳೆ ಎಂದೇ ಅವರ ನಂಬಿಕೆ.

ಎರಡು ವರ್ಷ ಹೀಗೇ ನಡೆಯಿತು. ಸಿಕ್ಕಿದಷ್ಟನ್ನು ಬೇರೆ ಕುರುಬರಿಂದ ಕೇಳಿ ಆಕೆ ಎರಡನೇ ಪ್ರಬಂಧ ಬರೆದಳು. ಪೋಸ್ಟ್ ಮಾಡುವ ಮೊದಲು, ನಾನೂ ಅಲ್ಲಿದ್ದ ದಿನ, ಮನೆಗೆ ತಂದು, ಅಪ್ಪನ ಎದುರು ಕೂತು, ಯಾವ ಪೀಠಿಕೆಯೂ ಇಲ್ಲದೆ ಕನ್ನಡಕ್ಕೆ ತಿರುಗಿಸುತ್ತ ಓದತೊಡಗಿದಳು. ಅವರು ಎದ್ದು ಹೋಗಲಿಲ್ಲ, ತಲೆಯೂ ಎತ್ತಲಿಲ್ಲ. ನೂಲುತ್ತಲೇ ಇದ್ದರು. ಬೀಜ ಕುರಿಯ ಹೊಟ್ಟೆಯಲ್ಲಿ ಬರುತ್ತದೆ, ಹಿಕ್ಕೆಯಲ್ಲಿ ಬೀಳುತ್ತದೆ ಎಂಬಲ್ಲಿಗೆ ಬಂದಳು. ಹಿಕ್ಕೆ ಬಿದ್ದಲ್ಲಿ ಮಾತ್ರ ಹುಲ್ಲು ಹುಟ್ಟುತ್ತದೆ, ಬೇರೆ ಎಲ್ಲಿಯೂ ಹುಟ್ಟುವುದಿಲ್ಲ ಎಂದು ಓದಿದಳು.

ನೂಲುವ ಕೈ ನಿಂತಿತು. ಅವರು ಬಾಗಿಲಾಚೆ ನೋಡಿದರು. ಹೇಳಬೇಕೋ ಬೇಡವೋ ಎಂದು ಅವರು ಒದ್ದಾಡುತ್ತಿದ್ದದ್ದು ನಮಗೆಲ್ಲ ಕಾಣುತ್ತಿತ್ತು. ಉಚ್ಚಮ್ಮ ಮುಂದೆ ಓದಲಿಲ್ಲ, ಕಾದಳು.

“ಇದನ್ನ ಕಳಿಸಿಬಿಟ್ಟೀಯೇನು?” ಎಂದು ಕೇಳಿದರು.

“ಇಲ್ಲಪ್ಪ. ನೀ ಕೇಳಿದ ಮ್ಯಾಲ ಕಳಸ್ತೀನಿ.”

“ಹಂಗಾದ್ರ ಬರೇ ಹಿಕ್ಕಿ ಅನ್ನಬ್ಯಾಡ. ಉಣ್ಣೆಯಾಗೂ ಬರತೈತಿ. ಉಣ್ಣೆ ಕತ್ತರಸೋ ಮುಂಚೆ ಕುರಿ ತೊಳೀತೀವಲ್ಲಾ, ಅಲ್ಲಿ ನೋಡು.”

ಆಕೆ ಹಿಗ್ಗು ತೋರಿಸಲಿಲ್ಲ, ಧನ್ಯವಾದ ಹೇಳಲಿಲ್ಲ. ಯಾವ ಹಳ್ಳ, ಯಾವ ದಂಡೆ ಎಂದು ಮಾತ್ರ ಕೇಳಿದಳು. ಬಾಯಲ್ಲಿ ಹೇಳಿದರೆ ಗೊತ್ತಾಗುವುದಿಲ್ಲ ಎಂದು ಅವರು ಚಪ್ಪಲಿ ಮೆಟ್ಟಿದರು. ಇಬ್ಬರೂ ಹೋದರು. ಜಯಕ್ಕ ಬಾಗಿಲಿಗೆ ಬಂದು ನಿಂತು ಅವರು ಹಳ್ಳದ ತಿರುವು ದಾಟುವವರೆಗೂ ನೋಡಿದರು. ಮಧ್ಯಾಹ್ನ ತಿರುಗಿ ಬಂದಾಗ ಉಚ್ಚಮ್ಮನ ಕೈಯಲ್ಲಿ ಹಣಿಗಿ ಹುಲ್ಲಿನ ಕಟ್ಟಿತ್ತು. ಪಕೀರಪ್ಪನವರು ಇನ್ನೂ ಮಾತಾಡುತ್ತಲೇ ಇದ್ದರು.

ಆ ಪ್ರಬಂಧವನ್ನು ಮತ್ತೆ ಬರೆಯಲು ಒಂದು ವರ್ಷ ಹಿಡಿಯಿತು. ಅದು ಮೊದಲನೆಯದರ ಹಾಗೆ ಸದ್ದು ಮಾಡಲಿಲ್ಲ. ಆದರೆ ನಿಂತಿತು. ೨೦೦೯ರಲ್ಲಿ, ಮೂವತ್ತಾರನೇ ವಯಸ್ಸಿಗೆ, ಅವಳಿಗೆ ಖಾಯಂ ಕೆಲಸ ಸಿಕ್ಕಿತು; ೨೦೧೮ರಲ್ಲಿ ಪ್ರೊಫೆಸರ್ ಆದಳು. ಕಳೆದ ವರ್ಷಗಳ ಬಗ್ಗೆ ಬೇಸರವಿಲ್ಲವೇ ಎಂದು ಒಮ್ಮೆ ಕೇಳಿದೆ. ಇಲ್ಲ ಅನ್ನುತ್ತಾಳೆ ಅಂದುಕೊಂಡಿದ್ದೆ. “ಐತಿ,” ಅಂದಳು. “ಇಲ್ಲ ಅಂದ್ರ ಸುಳ್ಳಾಗತೈತಿ.” ಅವಳ ಜೊತೆಗೆ ಓದಿದವರು ಅಷ್ಟರಲ್ಲಿ ಎರಡು ಮೆಟ್ಟಿಲು ಮೇಲೆ ಹೋಗಿದ್ದರು.

ಅಂದಿನಿಂದ ಬರೆದದ್ದನ್ನೆಲ್ಲ ಕಳಿಸುವ ಮೊದಲು ಅಪ್ಪನಿಗೆ ಓದಿ ಹೇಳುವುದು ರೂಢಿಯಾಯಿತು. ಜಯಕ್ಕ ಮೊದಲು ಹೋದರು. ೨೦೧೬ರಲ್ಲಿ ಪಕೀರಪ್ಪನವರೂ ಹೋದ ಮೇಲೆ ಕೇಳುವ ಪಾಳಿ ನನಗೆ ಬಂತು, ಹೆಚ್ಚಾಗಿ ಫೋನಿನಲ್ಲಿ. ನನಗೆ ಹುಲ್ಲಿನ ಬಗ್ಗೆ ಡಿಗ್ರಿಯಲ್ಲಿ ಕಲಿತದ್ದೂ ಮರೆತುಹೋಗಿದೆ. ಎಲ್ಲಿ ಅರ್ಥವಾಗಲಿಲ್ಲ ಎಂದು ಹೇಳುತ್ತಿದ್ದೆ, ಅಷ್ಟೇ.

ಕೊನೆಯ ಪ್ರಬಂಧವನ್ನು ಆಸ್ಪತ್ರೆಯಿಂದ ಓದಿದಳು. ಕ್ಯಾನ್ಸರ್ ಎಂದು ತಿಳಿದು ಎರಡು ವರ್ಷವಾಗಿತ್ತು, ಧ್ವನಿ ಸಣ್ಣಗಾಗಿತ್ತು. ನಮ್ಮ ಸೀಮೆಯಲ್ಲಿ ಮಂದೆ ತರುಬುವುದು ಎಲ್ಲೆಲ್ಲಿ ನಿಂತುಹೋಗಿದೆ, ಅಲ್ಲಿ ಯಾವ ಯಾವ ಹುಲ್ಲು ಕಡಿಮೆಯಾಗಿದೆ ಎಂಬುದು ಅದರ ವಿಷಯ. ನಡುವೆ ಎರಡು ಸಲ ಫೋನು ಇಟ್ಟು ಸುಧಾರಿಸಿಕೊಂಡು ಮತ್ತೆ ಮಾಡಿದಳು. ಮುಗಿದ ಮೇಲೆ ನಾನು ಚೆನ್ನಾಗಿದೆ ಅಂದೆ. ಅವಳಿಗೆ ಸಿಟ್ಟು ಬಂತು.

“ಚೆಂದ ಐತಿ ಅನ್ನಾಕ ನಿನಗ ಓದಲಿಲ್ಲ ನಾಗೀ. ತಪ್ಪು ಎಲ್ಲೈತಿ ಹೇಳು.”

ನನಗೆ ಸಿಗಲಿಲ್ಲ. ಸಿಗಲಿಲ್ಲ ಎಂದೆ. ಸರಿ, ಇಡತೀನಿ ಅಂದಳು. ಹನ್ನೊಂದು ದಿನಕ್ಕೆ ಹೋದಳು. ಪ್ರಬಂಧ ಪತ್ರಿಕೆಗೆ ಹೋಗಿ, ಅವರು ಒಪ್ಪಿ, ಈಗ ಅಚ್ಚಿಗೆ ಸಿದ್ಧವಾಗಿದೆ. ಕೊನೆಯ ಕರಡನ್ನು ತಿದ್ದುವ ಕೆಲಸ ಅವಳ ವಿದ್ಯಾರ್ಥಿನಿ ಶಿರೀಷಾಳದು. ಆಕೆ ಒಂದು ಪ್ರತಿ ನನಗೂ ಕಳಿಸಿದ್ದಳು.

ಹೋದ ವಾರ ಅದನ್ನು ತೆಗೆದುಕೊಂಡು ಮೂಕಪ್ಪನ ಹತ್ತಿರ ಹೋದೆ. ಮೂಕಪ್ಪ ಪಕೀರಪ್ಪನವರ ತಮ್ಮನ ಮಗ. ಮಂದೆ ಈಗ ಅವನ ಕೈಯಲ್ಲಿದೆ. ಮರದ ನೆರಳಲ್ಲಿ ಕೂತು, ಉಚ್ಚಮ್ಮ ಮಾಡುತ್ತಿದ್ದ ಹಾಗೆ ಸಾಲು ಸಾಲಾಗಿ ಕನ್ನಡಕ್ಕೆ ತಂದು ಓದಿದೆ. ತಪ್ಪುತ್ತ, ತಡವರಿಸುತ್ತ ಮುಕ್ಕಾಲು ತಾಸು ಹಿಡಿಯಿತು. ಅವನು ಕುರಿಗಳ ಕಡೆ ನೋಡುತ್ತಲೇ ಕೇಳಿದ. ಒಂದು ಕಡೆ ಕೈ ಎತ್ತಿದ.

“ಮಾಧವರಂ ಕಡೀಗಿ ಕುರಿ ಮಂದಿ ತರುಬೋದು ಪೂರಾ ನಿಂತೈತಿ ಅಂತ ಬರದಾಳಲ್ರಿ ಅಕ್ಕಾರ, ಅದು ಸರಿ ಇಲ್ಲ. ಹೊಳಿ ದಂಡಿಗಿ ಮೆಣಸಿನಕಾಯಿ ಹಾಕೋರು ಎರಡು ವರ್ಷದಿಂದ ಮತ್ತ ಕರಿಯಾಕತ್ತಾರ. ನಾನೇ ಹೋಗಿ ಬಂದೀನಿ.”

ಆ ಎರಡು ವರ್ಷ ಆಕೆ ಆಸ್ಪತ್ರೆಗೂ ಮನೆಗೂ ಓಡಾಡುತ್ತಿದ್ದಳು. ಮಾಧವರಂ ಕಡೆ ಹೋಗಿರಲಿಲ್ಲ.

ಅಲ್ಲಿಂದಲೇ ಶಿರೀಷಾಳಿಗೆ ಫೋನು ಮಾಡಿದೆ. ಮೇಡಂ ಬರೆದದ್ದನ್ನು ಅವರಿಲ್ಲದಾಗ ಹೇಗೆ ಬದಲಾಯಿಸುವುದು ಎಂಬ ಸಂಕಟ ಅವಳದು. ಹಾಗೇ ಬಿಟ್ಟರೆ ಉಚ್ಚಮ್ಮನಿಗೆ ಎಷ್ಟು ಸಿಟ್ಟು ಬರುತ್ತಿತ್ತು ಗೊತ್ತಲ್ಲ ಎಂದೆ. ಅಚ್ಚು ನಿಲ್ಲಿಸಲು ಬರೆಯುತ್ತೇನೆ, ಆದರೆ ಮೊದಲು ಕಣ್ಣಾರೆ ನೋಡಬೇಕು ಅಂದಳು. ಭಾನುವಾರ ಬರುತ್ತಾಳೆ. ಮೂಕಪ್ಪ ಮಂದೆಯನ್ನು ತಮ್ಮನಿಗೆ ಒಪ್ಪಿಸಿ ನಮ್ಮ ಜೊತೆ ಬರಲು ಒಪ್ಪಿದ್ದಾನೆ. ಬಿಸಿಲೇರುವ ಮುಂಚೆ ಹೊಳೆ ದಂಡೆ ಸೇರಬೇಕು, ಅದಕ್ಕೆ ಆದೋನಿಯಿಂದ ಮೊದಲ ಬಸ್ಸಿಗೇ ಹೊರಡುತ್ತೇವೆ.